ಸೊನ್ನೆ ಡಿಗ್ರಿಯಲ್ಲಿ ಹುಟ್ಟಿದ ಮಹನೀಯರು

ಊರುಗಳ ಹೆಸರು ಅಳಿಸಿ, ಅಲ್ಲಿ ಹುಟ್ಟಿದ ಪ್ರಸಿದ್ಧರ ಹೆಸರು ಹಾಕಿದ ಆ ಪ್ರಪಂಚದ ನಕ್ಷೆ ನೀವೂ ನೋಡಿರುತ್ತೀರಿ. 2022ರಲ್ಲಿ ಬಂದಿದ್ದು. ಸೊಗಸಾಗಿದೆ, ಸುಳ್ಳು ಯಾಕೆ ಹೇಳಲಿ. ಅದರ ಹಿಂದಿರುವ ದತ್ತಾಂಶದಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಪ್ರಸಿದ್ಧಿ ಅಳೆದದ್ದು ಹೇಗೆ ಅಂದರೆ, ವಿಕಿಪೀಡಿಯದಲ್ಲಿ ಎಷ್ಟು ಭಾಷೆಗಳಲ್ಲಿ ಪುಟ ಇದೆ, ಪುಟ ಎಷ್ಟು ಉದ್ದ, ಎಷ್ಟು ಜನ ನೋಡಿದರು, ಹೀಗೆ. ಆದ್ದರಿಂದ ಯುವ ವಿಜ್ಞಾನಿಗಳಿಗೆ ನನ್ನ ಸಲಹೆ: ಔಷಧಿ ಆಮೇಲೆ ಕಂಡುಹಿಡಿಯಿರಿ, ಮೊದಲು ಒಂದು ಹಗರಣದಲ್ಲಿ ಸಿಕ್ಕಿಹಾಕಿಕೊಳ್ಳಿ. ಪುಟ ತಾನೇ ಉದ್ದ ಆಗುತ್ತೆ.

ಇನ್ನು ನಿಖರತೆ. ಅಕ್ಷಾಂಶದಲ್ಲಿ ದಶಮಾಂಶದ ನಂತರ ಆರು ಅಂಕಿ ಬರೆದರೆ ಲೆಕ್ಕ ಸುಮಾರು 11 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಅಂದರೆ ಯಾವ ಶತಮಾನದಲ್ಲಿ ಹುಟ್ಟಿದರು ಅಂತ ಪಂಡಿತರು ಇನ್ನೂ ಜಗಳ ಆಡುತ್ತಿರುವ ಕವಿಯ ತೊಟ್ಟಿಲಿನ ಕಾಲು ಎಲ್ಲಿತ್ತು ಅಂತ ನಕ್ಷೆಗೆ ಗೊತ್ತು! ನಿಜ ಏನಪ್ಪಾ ಅಂದರೆ, ದಾಖಲೆಯಲ್ಲಿ ಬರೀ ಊರಿನ ಹೆಸರಿರುತ್ತದೆ, ಯಂತ್ರ ಆ ಊರಿನ ನಟ್ಟನಡುವೆ ಪಿನ್ ಚುಚ್ಚುತ್ತದೆ. ನಡುವೆ ಕೆರೆ ಇದ್ದರೆ ಕವಿ ಕೆರೆಯಲ್ಲೇ ಹುಟ್ಟಿದ. ಊರೂ ಗೊತ್ತಿಲ್ಲ, ದೇಶ ಮಾತ್ರ ಗೊತ್ತು ಅಂದರೆ ದೇಶದ ನಡುಮಧ್ಯೆ, ಯಾವುದೋ ಹೊಲದಲ್ಲಿ.

ಏನೂ ಗೊತ್ತಿಲ್ಲದವರಿಗೂ ಒಂದು ಜಾಗ ಇದೆ. ಖಾಲಿ ಬಿಟ್ಟ ಅಕ್ಷಾಂಶ ರೇಖಾಂಶ ಎಷ್ಟೋ ಸಲ ಸೊನ್ನೆ, ಸೊನ್ನೆ ಆಗಿಬಿಡುತ್ತದೆ. ಅದು ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನೀರು. ನಕ್ಷೆಯವರು ತಮಾಷೆಗೆ ನಲ್ ಐಲ್ಯಾಂಡ್, ಅಂದರೆ ಶೂನ್ಯ ದ್ವೀಪ, ಅನ್ನುತ್ತಾರೆ. ದ್ವೀಪ ಗೀಪ ಏನೂ ಇಲ್ಲ ಸ್ವಾಮಿ, ಹವಾಮಾನ ಅಳೆಯುವ ಒಂದು ತೇಲುಬುರುಡೆಗೆ ಗೊತ್ತು ಮಾಡಿದ ಜಾಗ ಅಷ್ಟೆ. ಎಲ್ಲ ಭಾಷೆಯ ಮರೆತುಹೋದ ಕವಿಗಳು, ಹೆಸರು ತಪ್ಪು ಟೈಪಾದ ಗಾಯಕಿಯರು, ಪಾಪ, ಅದನ್ನೇ ಹಿಡಿದುಕೊಂಡು ನೇತಾಡುತ್ತಿರಬೇಕು. ಸಮ್ಮೇಳನ ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಅಧ್ಯಕ್ಷ ಯಾರು ಅಂತ ಜಗಳ ಬಂದರೆ ಸುತ್ತ ಸಮುದ್ರ ಇದೆ.

ಹುಟ್ಟಿದ ಊರು ಬಿಡಿ, ಬಾಳಿದ ಮನೆಗೆ ಪಿನ್ ಚುಚ್ಚಿದರೂ ಇದೇ ಪಾಡು. ಲಂಡನ್ನಿನ ಬ್ರೂಕ್ ಸ್ಟ್ರೀಟಿನಲ್ಲಿ ಹದಿನೆಂಟನೇ ಶತಮಾನದ ಸಂಗೀತ ರಚನಕಾರ ಹ್ಯಾಂಡೆಲ್ ಇದ್ದ ಮನೆಯೂ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇದ್ದ ಮನೆಯೂ ಅಕ್ಕಪಕ್ಕ. ಇಬ್ಬರ ನಡುವೆ ಇನ್ನೂರು ವರ್ಷ, ಒಂದು ಗೋಡೆ. ನಕ್ಷೆ ಸ್ವಲ್ಪ ದೂರ ಸರಿಸಿ ನೋಡಿ, ಇಬ್ಬರೂ ಕರಗಿ ಒಂದು ಗುಂಡು ಆಗುತ್ತಾರೆ, ಒಳಗೆ "2" ಅಂತ ಅಂಕಿ. ಸಂಗೀತದ ಇತಿಹಾಸ ಮುಗಿಯಿತು.

ಇಂಥ ಪ್ರಸಿದ್ಧರು ಇದ್ದ ಮನೆ ಅಂತ ಲಂಡನ್ನಿನಲ್ಲಿ ಹಾಕುವ ಗೋಡೆ ಫಲಕಗಳ ಕಥೆಯೂ ಅಷ್ಟರಲ್ಲೇ ಇದೆ. 1867ರಲ್ಲಿ ಮೊದಲ ಫಲಕ ಹಾಕಿದ್ದು ಇಂಗ್ಲಿಷ್ ಕವಿ ಬೈರನ್ ಹುಟ್ಟಿದ ಮನೆಗೆ. 1889ರಲ್ಲಿ ಆ ಮನೆ ಕೆಡವಿದರು. ಫಲಕ ಇದ್ದರೆ ಮನೆಗೆ ಕಾನೂನಿನ ರಕ್ಷಣೆ ಸಿಗುತ್ತೆ ಅಂದುಕೊಂಡಿರಾ? ಇವತ್ತಿಗೂ ಸಿಗಲ್ಲ. ಗೋಡೆಗೆ ಬಡಿದ ಫಲಕದ್ದೇ ಈ ಗತಿ, ಇನ್ನು ಪಿನ್ ಏನು ಮಾಡೀತು?

ನಗು ಸಾಕು, ನಿಜವಾಗಿ ಬೇಜಾರಾಗುತ್ತದೆ. ಕವಿಯ ಮನೆಯ ಸೂರು ಸೋರುತ್ತಿದೆ, ಹಸ್ತಪ್ರತಿಗೆ ಗೆದ್ದಲು ಹಿಡಿದಿದೆ ಅಂದರೆ ದುಡ್ಡಿಲ್ಲ. ಆ ಮನೆ ಎಲ್ಲಿದೆ ಅಂತ ತೋರಿಸುವ ನಕ್ಷೆ ಆಪ್ ಬಿಡುಗಡೆಗೆ ಮಾತ್ರ ವೇದಿಕೆ, ಹಾರ, ಭಾಷಣ ಎಲ್ಲ ಇರುತ್ತೆ. ಪಿನ್ ಹಾಕಿದ್ದೀವಲ್ಲ, ಇನ್ನೇನು ಬೇಕು ಅಂತಾರೆ. ಮನೆ ಬೇಕಿತ್ತು, ಅಷ್ಟೇ.

ಮನೆ ಹೋಯಿತು ಅಂತ ಆಪ್‌ಗೆ ತಿಳಿಸಿ ನೋಡಿ. "ಶಾಶ್ವತವಾಗಿ ಮುಚ್ಚಿದೆ" ಅಂತ ಕೆಂಪಕ್ಷರ ಬರುತ್ತದೆ. ಪಾರ್ಕಿಂಗ್ ಇಲ್ಲ ಅಂತ ಒಂದು ಸ್ಟಾರ್ ಕಡಿಮೆ ಕೊಟ್ಟವರ ದೂರು ಮಾತ್ರ ಹಾಗೇ ಇರುತ್ತದೆ.