ನನ್ನನ್ನು ಯಾರೂ ಸಾಕುತ್ತಿಲ್ಲ

ಅಮೆರಿಕದ ಕನ್ನಡಿಗರಿಗೆ ಯುಗಾದಿ ಬರುವುದು ತೆರಿಗೆ ಲೆಕ್ಕ ಕೊಡುವ ಕಾಲದಲ್ಲೇ. ಏಪ್ರಿಲ್ 15 ಕೊನೆಯ ದಿನ. ಹಾಗಾಗಿ ಕನ್ನಡ ಸಂಘದ ಹಬ್ಬದೂಟದಲ್ಲಿ ಒಬ್ಬಟ್ಟಿಗೆ ತುಪ್ಪ ಬೀಳುವ ಮೊದಲೇ "ನಿಮ್ದು ಫೈಲ್ ಆಯ್ತಾ?" ಅನ್ನುವ ಪ್ರಶ್ನೆ ಬೀಳುತ್ತದೆ. ಮಕ್ಕಳು ಕಾಲೇಜಿನಲ್ಲಿರುವವರು ಮಾತ್ರ ಒಂದು ಮೂಲೆ ಹಿಡಿದು 2,500 ಡಾಲರಿನ ಬಗ್ಗೆ ಗುಸುಗುಸು ನಡೆಸಿರುತ್ತಾರೆ.

ವಿಷಯ ಇಷ್ಟೇ. ಅದು ಅಮೆರಿಕನ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ಅನ್ನುವ ತೆರಿಗೆ ರಿಯಾಯಿತಿ. ಡಿಗ್ರಿಯ ಮೊದಲ ನಾಲ್ಕು ವರ್ಷ ಓದುವ ಮಗುವಿನ ಫೀಸು, ಪುಸ್ತಕಕ್ಕೆ ಖರ್ಚಾದ ಮೊದಲ 2,000 ಡಾಲರ್ ಪೂರ್ತಿ, ಅದರ ಮೇಲಿನ 2,000ದಲ್ಲಿ ಕಾಲು ಭಾಗ, ಒಟ್ಟು 2,500 ಡಾಲರನ್ನು ಅಪ್ಪ ಅಮ್ಮ ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುತ್ತಾರೆ. ಆದರೆ ಗಂಡ ಹೆಂಡತಿ ಆದಾಯ ಸೇರಿ 1.6 ಲಕ್ಷ ಡಾಲರ್ ದಾಟಿದರೆ ಅದು ಕರಗಲು ಶುರು. 1.8 ಲಕ್ಷಕ್ಕೆ ಪೂರ್ತಿ ಮಾಯ. ಇಬ್ಬರೂ ಐಟಿಯಲ್ಲಿರುವವರು ಆ ಮೂಲೆಗೆ ಬರದೆ ಸುಮ್ನೆ ಒಬ್ಬಟ್ಟು ತಿನ್ನುವುದು ಅದಕ್ಕೇ. ಸಂಬಳ ಕಡಿಮೆ ಅಂತ ನಮ್ಮನೆಯವರು ಬೀಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೈಸೂರಿನಲ್ಲಿರುವ ಮಾವ ಬ್ಯಾಂಕಿನಿಂದ ರಿಟೈರ್ ಆದವರು. "ಇದೇನು ಹೊಸದಮ್ಮ? ನಮ್ಮಲ್ಲಿ 80ಸಿ ಇಲ್ವಾ?" ಅಂದರು.

"ಅದು ಆದಾಯದಲ್ಲಿ ಕಳೆಯೋದು ಮಾವ. ಇದು ತೆರಿಗೆಯಲ್ಲೇ ಕಳೆಯೋದು. ತೆರಿಗೆ ಏನೂ ಇಲ್ಲ ಅಂದ್ರೂ ಸಾವಿರ ಡಾಲರ್‌ವರೆಗೆ ಕೈಗೆ ಕೊಡ್ತಾರೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸಾಲ ಅಲ್ಲ ತಾನೇ?"

ಇದಕ್ಕೆಲ್ಲ ಮೂಲ 1098-ಟಿ ಅನ್ನುವ ಒಂದು ಹಾಳೆ. ಎಷ್ಟು ಫೀಸು ಬಂತು, ಎಷ್ಟು ಸ್ಕಾಲರ್‌ಶಿಪ್ ಹೋಯಿತು ಅಂತ ಕಾಲೇಜು ಅದರಲ್ಲಿ ಬರೆದು ಜನವರಿ ಕೊನೆಗೆ ಕೊಡುತ್ತದೆ. ಕೊಡುವುದು ಮಗನಿಗೆ. ಅವನು ಅನುಮತಿ ಕೊಡದೆ ನಮಗೆ ತೋರಿಸುವುದಿಲ್ಲ ಅಂದರು ಆಫೀಸಿನವರು. 1974ರ ಕಾನೂನಂತೆ, ವಿದ್ಯಾರ್ಥಿಯ ಗುಟ್ಟು ಕಾಪಾಡಲು. ಫೀಸು ಕಟ್ಟುವುದಕ್ಕೆ ಮಾತ್ರ ನಮಗೆ ಯಾರ ಅನುಮತಿಯೂ ಬೇಕಾಗಿರಲಿಲ್ಲ.

ಹಾಸ್ಟೆಲ್ ಬಾಡಿಗೆ, ಊಟ, ಬಸ್ ಖರ್ಚು ಇದರ ಲೆಕ್ಕಕ್ಕೆ ಬರುವುದಿಲ್ಲ. ನಾನು ಪೋಸ್ಟಲ್ಲಿ ಕಳಿಸುವ ಚಟ್ನಿಪುಡಿಯಂತೂ ದೂರದ ಮಾತು. ಪುಸ್ತಕ ಮಾತ್ರ ಎಲ್ಲಿ ಕೊಂಡರೂ ನಡೆಯುತ್ತದೆ. ಅದಕ್ಕೇ ಮಗನನ್ನು ಕೇಳಿದೆ, "ಫಿಸಿಕ್ಸ್ ಪುಸ್ತಕದ ಬಿಲ್ ಎಲ್ಲೋ?"

"ಅದು ಸೀನಿಯರ್ ಹತ್ರ ತಗೊಂಡಿದ್ದು ಅಮ್ಮ. ಪಿಜ್ಜಾ ಕೊಡಿಸಿದೆ. ಪಿಜ್ಜಾ ಬಿಲ್ ಇದೆ, ಆಗುತ್ತಾ?"

ರಾತ್ರಿ ಊಟ ಮುಗಿಸಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಎಲ್ಲ ಚೆನ್ನಾಗಿ ಸಾಗಿತ್ತು. ಅಷ್ಟರಲ್ಲಿ ಸಾಫ್ಟ್‌ವೇರ್ ಕೇಳಿತು: ಈ ವಿದ್ಯಾರ್ಥಿಗೆ ಗಂಭೀರ ಡ್ರಗ್ಸ್ ಕೇಸಿನಲ್ಲಿ ಶಿಕ್ಷೆ ಆಗಿದೆಯೇ? ಆಗಿದ್ದರೆ ಕಾಸಿಲ್ಲ.

ನಮ್ಮನೆಯವರು "ಇಲ್ಲ" ಒತ್ತಲು ಹೋದರು. "ಒಂದು ಮಾತು ಕೇಳಿಬಿಡೋಣ ರೀ, ಸರ್ಕಾರಿ ಕಾಗದ" ಅಂತ ನಾನು ಫೋನ್ ಹಚ್ಚಿದೆ.

"ಯಾಕಮ್ಮ? ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಇಲ್ಲ ಅನ್ನುವುದು ಬಿಟ್ಟು ಇದೆಂಥ ಉತ್ತರ? ಮುಂದಿನ ಅರ್ಧ ಗಂಟೆ ತೆರಿಗೆ ಕೆಲಸ ನಿಂತಿತು. ಕೊನೆಗೆ ಅವನ ರೂಮ್‌ಮೇಟ್ ಫೋನ್ ತೆಗೆದುಕೊಂಡು, "ಆಂಟಿ, ಅವನು ಕಾಫಿ ಕೂಡ ಕುಡಿಯಲ್ಲ" ಅಂತ ಸಾಕ್ಷಿ ಹೇಳಿದ ಮೇಲೆ "ಇಲ್ಲ" ಒತ್ತಿದೆವು.

ಕಳಿಸಿದ ರಿಟರ್ನ್ ಮರುದಿನವೇ ತಿರುಗಿ ಬಂತು. ನೀವು ಡಿಪೆಂಡೆಂಟ್, ಅಂದರೆ ನೀವು ಸಾಕುತ್ತಿರುವವರು, ಅಂತ ತೋರಿಸಿದ ವ್ಯಕ್ತಿ, ತಾನು ಯಾರಿಗೂ ಡಿಪೆಂಡೆಂಟ್ ಅಲ್ಲ ಅಂತ ಆಗಲೇ ಬೇರೆ ರಿಟರ್ನ್ ಹಾಕಿದ್ದಾರೆ.

ಆ ವ್ಯಕ್ತಿ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಒಂದಿಷ್ಟು ಸಂಪಾದಿಸುತ್ತಾನೆ. ಅದರಲ್ಲಿ ಹಿಡಿದ ತೆರಿಗೆ ವಾಪಸ್ ಬೇಕಲ್ಲ, ಫೆಬ್ರವರಿಯಲ್ಲೇ ಫೋನಿನಲ್ಲಿ ಫೈಲ್ ಮಾಡಿ ಮುಗಿಸಿದ್ದ. ನಿಮ್ಮನ್ನು ಬೇರೆ ಯಾರಾದರೂ ಡಿಪೆಂಡೆಂಟ್ ಅಂತ ತೋರಿಸಬಹುದೇ ಅಂದರೆ, ಇಲ್ಲ. ನೂರು ಚಿಲ್ಲರೆ ಡಾಲರ್ ಬಂದು, ಅದು ಶೂ ಆಗಿ, ಶೂ ಹಳೆಯದೂ ಆಗಿತ್ತು. ತಮಾಷೆ ಅಂದರೆ, ಹೌದು ಅಂದಿದ್ದರೂ ಅಷ್ಟು ಚಿಕ್ಕ ಸಂಬಳಕ್ಕೆ ಅವನಿಗೆ ಅಷ್ಟೇ ದುಡ್ಡು ಬರುತ್ತಿತ್ತು. ನಮಗೆ ಮಾತ್ರ 2,500 ನಿಂತುಹೋಯಿತು. ಡಿಪೆಂಡೆಂಟ್ ಯಾರ ರಿಟರ್ನಿನಲ್ಲಿ ಇರುತ್ತಾನೋ ಅವರಿಗೇ ಆ ಹಣ.

"ನಿನ್ನನ್ನು ಯಾರೂ ಸಾಕ್ತಾ ಇಲ್ವೇನೋ?"

"ಅಪ್ಪಾ, ನಾನು ಹಾಸ್ಟೆಲ್‌ನಲ್ಲಿ ಇದ್ದೀನಲ್ಲ."

ಈ ವಾದ ನಡೆಯುತ್ತಿದ್ದದ್ದು ನಮ್ಮ ಫ್ಯಾಮಿಲಿ ಪ್ಲಾನಿನ ಫೋನಿನಲ್ಲಿ. ಆದರೆ ಇಲ್ಲಿ ಕಾನೂನು ನನ್ನ ಕಡೆಗಿತ್ತು. 24 ತುಂಬದ, ಫುಲ್ ಟೈಮ್ ಓದುವ ಮಗ ಹಾಸ್ಟೆಲ್‌ನಲ್ಲಿದ್ದರೂ ಮನೆಯಲ್ಲೇ ಇದ್ದ ಹಾಗೆ. ಅವನ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವನೇ ಭರಿಸಿರಬಾರದು, ಅಷ್ಟೇ. ಎಲ್ಲ ಅಮ್ಮಂದಿರೂ ಹೇಳುವುದು ಇದನ್ನೇ ಅಲ್ವಾ? ನಾವು ಫಾರ್ಮ್ ನಂಬರ್ ಹಾಕುವುದಿಲ್ಲ ಅಷ್ಟೇ.

ಮಗ 1040-ಎಕ್ಸ್ ಹಾಕಿ ತನ್ನನ್ನು ಸಾಕುವವರಿದ್ದಾರೆ ಅಂತ ತಿದ್ದಿಕೊಂಡ. ನಮ್ಮದನ್ನು ಪ್ರಿಂಟ್ ತೆಗೆದು, ಆ ರಿಯಾಯಿತಿ ಕೇಳುವ 8863 ಫಾರ್ಮ್ ಸೇರಿಸಿ, ಸಹಿ ಹಾಕಿ ಅಂಚೆಗೆ ಹಾಕಿದೆವು. ಬೇಸಿಗೆ ಮುಗಿಯುವ ಹೊತ್ತಿಗೆ ಹಣ ಬಂತು. ಮಗನಿಗೆ ತಿಳಿಸಿದೆ.

"ಅಮ್ಮ, ಇದು ನಾಲ್ಕು ವರ್ಷಕ್ಕೆ ಮಾತ್ರ. ಆದರೆ ಇನ್ನೊಂದು ಇದೆ, ಎಷ್ಟು ವರ್ಷ ಓದಿದ್ರೂ ಕೊಡ್ತಾರೆ. 10,000 ಡಾಲರ್‌ವರೆಗೆ 20 ಪರ್ಸೆಂಟ್. ನಾನೇ ಓದಿ ನೋಡಿದೆ."

"ನೀನ್ಯಾಕೋ ಅದನ್ನ ಓದಿದೆ?"

"ಡಬಲ್ ಮೇಜರ್ ಮಾಡೋಣ ಅಂತ. ಒಂದೇ ವರ್ಷ ಜಾಸ್ತಿ ಆಗುತ್ತೆ."

ನಮ್ಮನೆಯವರು ನನ್ನ ಕೈಯಿಂದ ಫೋನ್ ಇಸಿದುಕೊಂಡು, "ನಿನ್ನನ್ನು ಸಾಕುವವರು ಈಗ ಮನೇಲಿಲ್ಲ" ಅಂದು ಇಟ್ಟರು.