ಅರಿವಳಿಕೆ ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ

ಆಪರೇಷನ್ ಅಂತ ಗೊತ್ತಾದ ಕೂಡಲೇ ಸರ್ಜನ್ ಹೇಗೆ, ಖರ್ಚೆಷ್ಟು ಎಂದು ಹತ್ತು ಕಡೆ ವಿಚಾರಿಸುತ್ತೇವೆ. ಅರಿವಳಿಕೆ ಕೊಡುವವರು ಯಾರೆಂದು ಮಾತ್ರ ಕೇಳುವುದೇ ಇಲ್ಲ. ಆಪರೇಷನ್ ಮುಗಿಯುವ ತನಕ ನಿಮ್ಮ ಉಸಿರು, ಬಿಪಿ, ಹೃದಯಬಡಿತ ಕಾಯುವವರು ಅವರೇ. ಆಪರೇಷನ್‌ಗೆ ಮೊದಲು ಅವರು ಮಾಡುವ, ಆಸ್ಪತ್ರೆಯಲ್ಲಿ ಪಿಎಸಿ ಎಂದು ಕರೆಯುವ ಪೂರ್ವ ತಪಾಸಣೆ ಬರೀ ಸಹಿ ಹಾಕುವ ಶಾಸ್ತ್ರವಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಹೊಟ್ಟೆಯ ವಿಷಯದಲ್ಲಿ. ಎಣ್ಣೆ ತಿಂಡಿ, ಮಾಂಸದೂಟವಾದರೆ 8 ಗಂಟೆ, ಇಡ್ಲಿಯಂಥ ಹಗುರ ಆಹಾರಕ್ಕೆ 6 ಗಂಟೆ, ಎದೆಹಾಲಿಗೆ 4 ಗಂಟೆ, ಬರೀ ನೀರಿಗೆ 2 ಗಂಟೆ ಅರಿವಳಿಕೆಗೆ ಮೊದಲು ಬಿಡುವಿರಬೇಕು. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೂ 6 ಗಂಟೆಯೇ. ಪ್ರಜ್ಞೆ ತಪ್ಪಿಸಿದಾಗ ಕೆಮ್ಮಿ ಹೊರಹಾಕುವ ಶಕ್ತಿಯೂ ಹೋಗಿರುತ್ತದೆ. ಆಗ ಹೊಟ್ಟೆಯಲ್ಲಿದ್ದದ್ದು ಆಮ್ಲದ ಸಮೇತ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಕುತ್ತು. "ಪಾಪ, ಹಸಿದಿದ್ದಾರೆ" ಎಂದು ಕದ್ದು ಕಾಫಿ ಕೊಟ್ಟಿದ್ದರೆ ದಯವಿಟ್ಟು ಹೇಳಿಬಿಡಿ. ಆಪರೇಷನ್ ಕೆಲವು ಗಂಟೆ ಮುಂದೆ ಹೋಗಬಹುದು, ಅಷ್ಟೇ.

ಮಾತ್ರೆಗಳನ್ನು ಚೀಟಿ ಸಮೇತ ತೋರಿಸಿ. ಬಿಪಿಗೆ ತೆಗೆದುಕೊಳ್ಳುವ ಆಮ್ಲೋಡಿಪಿನ್, ಮೆಟೊಪ್ರೊಲೋಲ್ ಅನ್ನು ಸಾಮಾನ್ಯವಾಗಿ ಆ ದಿನವೂ ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುತ್ತಾರೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಆದರೆ ಬಿಪಿ ತೀರಾ ಇಳಿಯಬಹುದೆಂದು ಹಲವರು ಹಿಂದಿನ ದಿನವೇ ನಿಲ್ಲಿಸುತ್ತಾರೆ. ಶುಗರ್‌ಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಶುಗರ್ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತು ಏರುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನಂತೂ ನೀವೇ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿಸಿಕೊಂಡವರು ಖಂಡಿತ ಬೇಡ. ಬೀಡಿ, ಸಿಗರೇಟು, ಕುಡಿತದ ಅಭ್ಯಾಸವನ್ನೂ ಹೇಳಿ. ಹೆಂಡತಿ ಮಕ್ಕಳ ಎದುರು ಮುಜುಗರವಾದರೆ ಅವರನ್ನು ಹೊರಗೆ ಕಳಿಸಿ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ತಿಳಿಸಿ.

ಬೆನ್ನಿಗೆ ಕೊಡುವ ಇಂಜೆಕ್ಷನ್ ಬಗ್ಗೆ ನಮ್ಮಲ್ಲಿ ವಿಪರೀತ ಭಯ. ಸಿಸೇರಿಯನ್ ಆದ ಹೆಂಗಸರು ವರ್ಷಗಳ ಸೊಂಟನೋವಿಗೆಲ್ಲ ಅದನ್ನೇ ದೂರುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ದೀರ್ಘಕಾಲದ ನೋವಿಗೆ ಬಸಿರು, ಸಡಿಲಗೊಂಡ ಸ್ನಾಯು, ಬಗ್ಗಿ ಮಗುವನ್ನೆತ್ತುವುದೇ ಹೆಚ್ಚಾಗಿ ಕಾರಣ. ನಿಜಕ್ಕೂ ಗಮನಿಸಬೇಕಾದ್ದು ತಲೆನೋವು. ಎದ್ದು ಕೂತರೆ ಜೋರಾಗಿ, ಮಲಗಿದರೆ ಕಡಿಮೆಯಾದರೆ ಸೂಜಿಯ ರಂಧ್ರದಿಂದ ಬೆನ್ನುಹುರಿಯ ಸುತ್ತಲಿನ ದ್ರವ ಸೋರುತ್ತಿರಬಹುದು. ಅದಕ್ಕೆ ಚಿಕಿತ್ಸೆಯಿದೆ, ಸಹಿಸಿಕೊಂಡು ಮನೆಯಲ್ಲಿ ಕೂರಬೇಡಿ.

ಕೊನೆಯದಾಗಿ, ಮನೆತನದಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಬರುವುದು ಗಂಟೆಗಟ್ಟಲೆ ತಡವಾಗಿತ್ತೇ? ಸಕ್ಸಿನೈಲ್‌ಕೋಲಿನ್ ಎಂಬ, ಉಸಿರಾಟದ್ದೂ ಸೇರಿ ಸ್ನಾಯುಗಳನ್ನು ಸಡಿಲಿಸುವ ಅರಿವಳಿಕೆ ಔಷಧದ ಪ್ರಭಾವ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇಳಿಯುತ್ತದೆ. ಅದನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಕೊರತೆಯಿರುವವರಲ್ಲಿ ಗಂಟೆಗಳೇ ಹಿಡಿಯುತ್ತವೆ, ಅಷ್ಟು ಹೊತ್ತು ವೆಂಟಿಲೇಟರ್ ಬೇಕು. ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು. ಮೊದಲೇ ಗೊತ್ತಿದ್ದರೆ ಬೇರೆ ಔಷಧ ಬಳಸುತ್ತಾರೆ. ಮನೆಯಲ್ಲಿ ಹೀಗಾಗಿದ್ದರೆ ಆ ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಪಿಎಸಿಗೆ ತೆಗೆದುಕೊಂಡು ಹೋಗಿ.