ಸರ್ವರ್ ಇಲ್ಲ, ನಾಳೆ ಬನ್ನಿ

ಜಾಲತಾಣ ತೆರೆಯದೆ ಪರದೆಯ ಮೇಲೆ 503 ಎಂದು ಬಂದರೆ ಸಾಮಾನ್ಯರು ತಮ್ಮ ಮೊಬೈಲನ್ನು ಬೈಯುತ್ತಾರೆ. ಸ್ವಲ್ಪ ತಿಳಿದವರು ಇಂಟರ್ನೆಟ್ ಕೊಟ್ಟವರನ್ನು ಬೈಯುತ್ತಾರೆ. ಪೂರ್ತಿ ತಿಳಿದವರು ನನಗೆ ಫೋನ್ ಮಾಡುತ್ತಾರೆ. ನಾನು ಒಂದು ವಿದ್ಯಾಸಂಸ್ಥೆಯ ಸರ್ವರ್‌ಗಳನ್ನು ನೋಡಿಕೊಳ್ಳುವವನು. ಅವು ಚೆನ್ನಾಗಿರುವಷ್ಟು ದಿನ ನನ್ನ ಕಡೆ ಯಾರೂ ನೋಡುವುದಿಲ್ಲ. ಅವು ಮಲಗಿದ ದಿನ ಕ್ಯಾಂಟೀನಿನವನೂ ನನ್ನನ್ನು ಅನುಮಾನದಿಂದ ನೋಡುತ್ತಾನೆ.

ಈ ಯಂತ್ರಗಳ ಒಳಗುಟ್ಟು ತಿಳಿಯದವರು ಒಂದು ಮದುವೆ ಮನೆಯನ್ನು ನೆನೆಸಿಕೊಂಡರೆ ಸಾಕು. ಬಾಗಿಲಲ್ಲಿ ಪನ್ನೀರು ಎರಚಿ, ಕಲ್ಲುಸಕ್ಕರೆ ಕೊಟ್ಟು, ಹಲ್ಲು ಕಿರಿದು ನಿಂತಿರುವವರು ವೆಬ್ ಸರ್ವರ್. ಹಿತ್ತಲಿನ ಹೊಗೆಯಲ್ಲಿ ಬೆವರು ಸುರಿಸುತ್ತಾ ಬೇಯಿಸುತ್ತಿರುವ ಅಡುಗೆ ಭಟ್ಟರು ಅಪ್ಲಿಕೇಶನ್ ಸರ್ವರ್. ನಮ್ಮಲ್ಲಿ ಬಾಗಿಲು ಕಾಯುವುದು ಅಪಾಚೆ, ಹಿತ್ತಲಲ್ಲಿ ದುಡಿಯುವುದು ಟಾಮ್‌ಕ್ಯಾಟ್. ಯಂತ್ರದ ಒಳಕ್ಕೆ ಹೋಗುವ ಅಂಕಿ ಹಾಕಿದ ಕಿಂಡಿಗಳಿಗೆ ಪೋರ್ಟ್ ಎನ್ನುತ್ತಾರೆ. ಅತಿಥಿಗಳು ಬರುವುದು 443ನೇ ಪೋರ್ಟಿನಿಂದ, ಭಟ್ಟರನ್ನು ಮಾತನಾಡಿಸಬೇಕಾದದ್ದು 8080ರಲ್ಲಿ. ಭಟ್ಟರ ಜೊತೆ ಮಾತೇ ಆಗಲಿಲ್ಲವೆಂದರೆ ಅಪಾಚೆ 503 ಎನ್ನುತ್ತದೆ. ಅದೇ ಕಾಯಿಲೆಗೆ ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ 502 ಎಂದು ಹೆಸರಿಡುತ್ತದೆ. ಮಾತು ಶುರುವಾಗಿಯೂ ಉತ್ತರ ಬರುವಷ್ಟರಲ್ಲಿ ತಾಳ್ಮೆ ಮುಗಿದರೆ 504. ಮೂರರ ಸಾರವೂ ಒಂದೇ: ನನ್ನದೇನೂ ತಪ್ಪಿಲ್ಲ, ಹಿಂದಿರುವವರನ್ನು ವಿಚಾರಿಸಿಕೊಳ್ಳಿ.

ಹಿಂದಿರುವವರ ಹೆಸರಿನ ಕಥೆ ಹೇಳದಿದ್ದರೆ ಮನಸ್ಸು ತಡೆಯದು. ಟಾಮ್‌ಕ್ಯಾಟ್ ಹುಟ್ಟಿಗೆ ಕಾರಣರಾದ ಜೇಮ್ಸ್ ಡಂಕನ್ ಡೇವಿಡ್‌ಸನ್ ಅದಕ್ಕೊಂದು ಪ್ರಾಣಿಯ ಹೆಸರನ್ನು ಹುಡುಕಿದರು. ಗಂಡು ಬೆಕ್ಕು ತನ್ನ ಪಾಡು ತಾನು ನೋಡಿಕೊಳ್ಳುವ ಪ್ರಾಣಿ ಎಂದು ಅದನ್ನೇ ಆರಿಸಿಕೊಂಡರು. ಆ ಬೆಕ್ಕಿನ ಪಾಡು ನೋಡಿಕೊಳ್ಳುವುದಕ್ಕೆಂದೇ ಸಂಸ್ಥೆಯವರು ನನಗೆ ಸಂಬಳ ಕೊಡುತ್ತಿದ್ದಾರೆಂಬುದು ಅವರಿಗೆ ತಿಳಿದಿರಲಾರದು.

ಪರೀಕ್ಷಾ ಶುಲ್ಕ ಕಟ್ಟಲು ಸೋಮವಾರ ಕೊನೆಯ ದಿನ. ಹಿಂದಿನ ರಾತ್ರಿ ಗುತ್ತಿಗೆಯವರು ಬಂದು ಭದ್ರತಾ ಪ್ಯಾಚ್ ಹಾಕಿ, ಯಂತ್ರವನ್ನು ರೀಬೂಟ್ ಮಾಡಿ, ಟಾಮ್‌ಕ್ಯಾಟ್‌ನ ಪುಟವನ್ನು ನೇರವಾಗಿ 8080ರಲ್ಲಿ ತೆರೆದು ನೋಡಿ, 'ಎಲ್ಲ ಸರಿಯಾಗಿದೆ' ಎಂದು ಬರೆದು ಸಹಿ ಹಾಕಿ ಹೋಗಿದ್ದರು. ಬಾಗಿಲಿನಿಂದ ಒಳಗೆ ಬಂದು ನೋಡುವ ಕೆಲಸ ಅವರ ಒಪ್ಪಂದದಲ್ಲಿ ಇರಲಿಲ್ಲವಂತೆ. ಬೆಳಿಗ್ಗೆ ಮಕ್ಕಳು ಬಾಗಿಲಿನಿಂದಲೇ ಬಂದರು. ಬಂದವರಿಗೆಲ್ಲ 503.

ನಾನು ಸರ್ವರ್ ಕೋಣೆಯತ್ತ ಓಡುವಾಗ ಶುಲ್ಕದ ಕೌಂಟರಿನಲ್ಲಿ ಗುಮಾಸ್ತರು ಮೇಜಿನ ಖಾನೆ ಎಳೆದು ಒಂದು ಫಲಕ ಹೊರತೆಗೆಯುತ್ತಿದ್ದರು. 'ಸರ್ವರ್ ಇಲ್ಲ, ನಾಳೆ ಬನ್ನಿ.' ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಆತುರವಾಗಿ ಗೀಚಿದ್ದಲ್ಲ. ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಎರಡು ತೂತು ಕೊರೆದು ಕೆಂಪು ದಾರ ಕಟ್ಟಿದ್ದು. ಪಡಿತರ ಅಂಗಡಿಯಿಂದ ನಾಡಕಚೇರಿಯವರೆಗೆ ನಮ್ಮ ಜನರಿಗೆ ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ ಸಾಲಿನಲ್ಲಿದ್ದ ತಂದೆಯೊಬ್ಬರು ಫಲಕವನ್ನು ಓದಿ, ಒಂದು ಮಾತನ್ನೂ ಆಡದೆ, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ನಾಳೆ ಬಂದರೆ ದಂಡ ಕಟ್ಟಬೇಕೆಂದು ಅವರನ್ನು ಕೂಗಿ ಕೂರಿಸಬೇಕಾಯಿತು.

ಅಷ್ಟರಲ್ಲಿ ಎಲ್ಲರೂ ಸೇರಿದ ಫೋನ್ ಕರೆ ಶುರುವಾಗಿತ್ತು. ಇಂಥ ಕರೆಗಳಲ್ಲಿ ಪ್ರತಿಯೊಬ್ಬರೂ ಮೊದಲು ಒಂದು ಮಂತ್ರ ಹೇಳಬೇಕು: ನಮ್ಮ ಕಡೆ ಎಲ್ಲ ಸರಿಯಾಗಿದೆ. ಅಪ್ಲಿಕೇಶನ್ ತಂಡದ ಹುಡುಗ ಹೇಳಿದ. ಡೇಟಾಬೇಸ್‌ನವರು, ಯಾರೂ ಕೇಳದಿದ್ದರೂ, ಹೇಳಿದರು. ನೆಟ್‌ವರ್ಕ್ ನೋಡುವ ಹಿರಿಯರು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು. ಎಲ್ಲರ ಕಡೆಯೂ ಸರಿಯಾಗಿದ್ದ ಮೇಲೆ ಕೆಟ್ಟಿರುವುದು ಜಾಲತಾಣವೊಂದೇ ಎಂದಾಯಿತು.

ನಾನು ಅಪಾಚೆ ತನ್ನ ದೋಷಗಳನ್ನು ಬರೆದಿಡುವ ಲಾಗ್ ಎಂಬ ದಿನಚರಿ ತೆರೆದೆ. ಈ ಲಾಗ್ ಓದಲು ಬೇಕಾದದ್ದು ಇಂಗ್ಲಿಷ್ ಜ್ಞಾನವಲ್ಲ, ಅಂಕಿಗಳ ಪರಿಚಯ. ನಮ್ಮ ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ಮೂಲ ತಂತ್ರಾಂಶದಲ್ಲಿ 111 ಎಂದು ಬಂದರೆ ಶುಭಸೂಚನೆ. ಆಚೆಯ ಯಂತ್ರ ಬದುಕಿದೆ, ಆದರೆ ಆ ಪೋರ್ಟಿನಲ್ಲಿ ಯಾರೂ ಕುಳಿತಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳುತ್ತದೆ. 110 ಎಂದರೆ ಕೂಗಿ ಕೂಗಿ ಸಾಕಾಯಿತು, ಹೂಂ ಎಂದೂ ಇಲ್ಲ, ಊಹೂಂ ಎಂದೂ ಇಲ್ಲ. ಬಹುಮಟ್ಟಿಗೆ ಬೇಡದ ಸಂಪರ್ಕಗಳನ್ನು ತಡೆಯುವ ಯಾವುದೋ ಫೈರ್‌ವಾಲ್ ಮಾತನ್ನು ನುಂಗಿ ನೀರು ಕುಡಿದಿರುತ್ತದೆ. ನನ್ನ ಎದುರು ಇದ್ದದ್ದು ಎರಡೂ ಅಲ್ಲ, 13. ಅನುಮತಿ ಇಲ್ಲ. 127.0.0.1ರ 8080ಕ್ಕೆ ಹೋಗಲು ಅಪಾಚೆಗೆ ಅನುಮತಿ ಇಲ್ಲ.

'127.0.0.1ಕ್ಕೆ ಸಂಪರ್ಕ ಸಿಗುತ್ತಿಲ್ಲ' ಎಂದು ಕರೆಯಲ್ಲಿ ಹೇಳಿದೆ.

'ಆ ವಿಳಾಸ ಯಾರದು?' ಎಂದರು ಮ್ಯಾನೇಜರ್. 'ಅವರನ್ನೂ ಕರೆಗೆ ಸೇರಿಸಿ.'

'ಅದು ನಮ್ಮದೇ ಯಂತ್ರ ಸರ್. ಪ್ರತಿ ಯಂತ್ರವೂ ತನ್ನನ್ನು ತಾನು ಕರೆದುಕೊಳ್ಳುವ ವಿಳಾಸ.'

'ನಾವು ಕರೆಯಲ್ಲೇ ಇದ್ದೇವಲ್ಲ, ಮತ್ತೆ ಏನು ತೊಂದರೆ?'

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಅಪ್ಲಿಕೇಶನ್ ತಂಡದ ಹುಡುಗ ತನ್ನ ಲಾಗ್ ನೋಡಿ, 'ಹತ್ತು ಗಂಟೆಯ ಹೊತ್ತಿಗೆ ನಮ್ಮಲ್ಲಿ ಒಂದು ದೋಷವೂ ದಾಖಲಾಗಿಲ್ಲ ಸರ್, ಬೇಕಾದರೆ ಪರದೆ ತೋರಿಸುತ್ತೇನೆ' ಎಂದ. ತೋರಿಸಿದ. ನಿಜವಾಗಿಯೂ ಇರಲಿಲ್ಲ. ಯಾವ ಕಾಲದಲ್ಲೋ ಯಾರೋ ಟಾಮ್‌ಕ್ಯಾಟನ್ನು ಓಡಿಸುವ ಜಾವಾಕ್ಕೆ ಯುಟಿಸಿ ಎಂಬ ಜಾಗತಿಕ ಸಮಯ ಪಾಲಿಸುವಂತೆ ಹೇಳಿಟ್ಟಿದ್ದರು. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅವನ ಲಾಗಿನಲ್ಲಿ ಹತ್ತು ಗಂಟೆಯಾಗಬೇಕಾದರೆ ನಮಗೆ ಮಧ್ಯಾಹ್ನ ಮೂರೂವರೆಯಾಗಬೇಕು. ಇನ್ನೂ ಬಾರದ ಹೊತ್ತಿನಲ್ಲಿ ತನ್ನದೇನೂ ತಪ್ಪಿಲ್ಲವೆಂದು ಸಾಕ್ಷಿ ಸಮೇತ ಸಾಬೀತು ಮಾಡಿದ ಅವನ ಆತ್ಮವಿಶ್ವಾಸ ನನಗೆ ಎಂದೂ ಬರಲಾರದು.

ಆ ತಂಡದ ಹಿರಿಯರಿಗೆ ಘೋಸ್ಟ್‌ಕ್ಯಾಟ್ ನೆನಪಾಯಿತು. 2020ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ಆ ಭದ್ರತಾ ಲೋಪ ಟಾಮ್‌ಕ್ಯಾಟ್ ಸಾಕಿದವರಿಗೆಲ್ಲ ಗೊತ್ತು. ಅಪಾಚೆಯೂ ಟಾಮ್‌ಕ್ಯಾಟೂ 8009ನೇ ಪೋರ್ಟಿನಲ್ಲಿ ಎಜೆಪಿ ಎಂಬ ಖಾಸಗಿ ಭಾಷೆಯಲ್ಲಿ ಪಿಸುಗುಟ್ಟುತ್ತಿದ್ದ ಕಾಲವದು. ಲೋಪ ಮುಚ್ಚಲೆಂದು 9.0.31ನೇ ಆವೃತ್ತಿಯಲ್ಲಿ ಆ ಬಾಗಿಲನ್ನು ಮೊದಲೇ ಮುಚ್ಚಿಟ್ಟು, ತೆರೆಯಬೇಕೆಂದರೆ ಗುಟ್ಟಿನ ಪದವೊಂದನ್ನು ಕೊಡಲೇಬೇಕೆಂದು ಕಟ್ಟು ಮಾಡಿದರು. 9.0.30ರಿಂದ ಒಂದೇ ಒಂದು ಮೆಟ್ಟಿಲು ಹತ್ತಿದವರ ಸಂಪರ್ಕ ರಾತ್ರೋರಾತ್ರಿ ಕಡಿದುಹೋಯಿತು. ಆ ಕಡೆಯ ಅಂಕಿಯನ್ನು ನೋಡಿ 'ಇದು ಚಿಕ್ಕ ಬದಲಾವಣೆ' ಎಂದು ನಂಬಿದವರ ಶಾಪ ಇನ್ನೂ ಗಾಳಿಯಲ್ಲಿ ತೇಲುತ್ತಿರಬೇಕು. ಹಿರಿಯರು ಇದನ್ನೆಲ್ಲ ರಸವತ್ತಾಗಿ ವರ್ಣಿಸಿದರು. ನಮ್ಮಲ್ಲಿ ಎಜೆಪಿ ಬಳಕೆಯಲ್ಲೇ ಇಲ್ಲವೆಂದು ನಾನು ನಡುವೆ ಹೇಳಿದೆ. 'ಇಲ್ಲದಿದ್ದರೂ ತಿಳಿದಿರಲಿ' ಎಂದು ಮುಂದುವರಿಸಿದರು.

ಅವರು ಮಾತನಾಡುತ್ತಿರುವಾಗ ನಾನು ಅದೇ ಯಂತ್ರದಲ್ಲಿ ಕುಳಿತು ಟಾಮ್‌ಕ್ಯಾಟ್‌ನಿಂದ ನೇರವಾಗಿ ಪುಟ ತರಿಸಿಕೊಳ್ಳಲು ಕೈಯಾರೆ ಕರ್ಲ್ ಎಂಬ ಆದೇಶ ಕೊಟ್ಟೆ. ಶುಲ್ಕದ ಪುಟ ಠಾಕುಠೀಕಾಗಿ ಬಂತು. ನನಗೆ ಬರುತ್ತದೆ, ಅಪಾಚೆಗೆ ಬರುವುದಿಲ್ಲ. ಫೈಲುಗಳ ಅನುಮತಿ ಸರಿಯಿದೆ, ಪೋರ್ಟ್ ತೆರೆದಿದೆ, ಟಾಮ್‌ಕ್ಯಾಟ್ ಕೂತಲ್ಲೇ ಕೂತಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಲಿನಕ್ಸ್‌ಗಾಗಿಯೇ ಹುಟ್ಟಿರಬೇಕು. ಆ ಪೂಜಾರಿಯ ಹೆಸರು ಎಸ್‌ಇಲಿನಕ್ಸ್. ಅಮೆರಿಕದ ಎನ್‌ಎಸ್‌ಎ ಎಂಬ ಬೇಹುಗಾರಿಕೆಯ ಸಂಸ್ಥೆ ಕಟ್ಟಿ 2000ನೇ ಇಸವಿಯ ಡಿಸೆಂಬರಿನಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಕಾವಲು ವ್ಯವಸ್ಥೆ ಇದು. ಬೇಹುಗಾರರ ಮನೆಯಲ್ಲಿ ಹುಟ್ಟಿದ್ದಕ್ಕೆ ತಕ್ಕಂತೆ ಯಾರನ್ನೂ ನಂಬುವುದಿಲ್ಲ. ವೆಬ್ ಸರ್ವರ್ ಆದವನಿಗೆ ಬಂದವರಿಗೆ ಉತ್ತರ ಕೊಡುವುದಷ್ಟೇ ಕೆಲಸ, ತಾನಾಗಿ ಇನ್ನೊಬ್ಬರ ಪೋರ್ಟ್ ತಟ್ಟುವುದೇಕೆ ಎಂಬುದು ಅದರ ವಾದ. ತಟ್ಟಲೇಬೇಕೆಂದರೆ ಒಂದು ಸ್ವಿಚ್ಚನ್ನು ನಾವೇ ಒತ್ತಿ ಅನುಮತಿ ಕೊಡಬೇಕು.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಆ ಅನುಮತಿ ಕೊಟ್ಟಿದ್ದರು. ಇಲ್ಲದಿದ್ದರೆ ಜಾಲತಾಣ ಇಷ್ಟು ಕಾಲ ನಡೆಯುತ್ತಲೇ ಇರಲಿಲ್ಲ. ಆದರೆ ಅನುಮತಿ ಶಾಶ್ವತವಾಗಿರಬೇಕೆಂದರೆ ಆದೇಶದಲ್ಲಿ ಒಂದು ಅಡ್ಡಗೆರೆ, ಒಂದು ದೊಡ್ಡ ಪಿ ಹಾಕಬೇಕು. ಅವರು ಹಾಕಿರಲಿಲ್ಲ. ಯಂತ್ರವನ್ನು ವರ್ಷಗಟ್ಟಲೆ ಯಾರೂ ರೀಬೂಟ್ ಮಾಡದೆ, 'ನಮ್ಮ ಸರ್ವರ್ ಒಮ್ಮೆಯೂ ನಿಂತಿಲ್ಲ' ಎಂದು ವಾರ್ಷಿಕ ವರದಿಯಲ್ಲಿ ಬರೆದುಕೊಂಡು ಬಂದಿದ್ದರಿಂದ ಆ ಪಿ ಇಲ್ಲದ್ದು ಯಾರ ಗಮನಕ್ಕೂ ಬರಲಿಲ್ಲ. ಮೊದಲ ರೀಬೂಟಿಗೆ ಅನುಮತಿ ಹಾರಿಹೋಯಿತು. ಅವರು ಈಗ ಬೇರೆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಚೆನ್ನಾಗಿರಲಿ. ಇಂಥ ಹೊತ್ತಿನಲ್ಲಿ ಅಂತರ್ಜಾಲದಲ್ಲಿ ಹುಡುಕಿದರೆ ಹತ್ತರಲ್ಲಿ ಎಂಟು ಜನ ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡಿಬಿಡಿ ಎನ್ನುತ್ತಾರೆ. ಆ ಸಲಹೆ ಕೊಡುವವರನ್ನು ಒಂದು ರಾತ್ರಿ ಬಾಗಿಲು ತೆಗೆದಿಟ್ಟು ಮಲಗಿಸಬೇಕೆನ್ನಿಸುತ್ತದೆ.

ನಾನು ಪಿ ಸಮೇತ ಆದೇಶ ಕೊಟ್ಟು, ಎಂಟರ್ ಒತ್ತಿ, 'ಸರಿಹೋಯಿತು, ನೋಡಿ' ಎಂದೆ.

ಎಲ್ಲರೂ ನೋಡಿದರು. 503.

ಇಲ್ಲಿ ಅಪಾಚೆಯ ಸ್ವಭಾವವನ್ನು ಹೇಳಲೇಬೇಕು. ಹಿಂದಿರುವವರಿಗೆ ಒಮ್ಮೆ ಸಂಪರ್ಕ ಸಿಗದಿದ್ದರೆ ಅದು ಮುನಿಸಿಕೊಳ್ಳುತ್ತದೆ. ಅಲ್ಲಿಂದ 60 ಸೆಕೆಂಡು ಆ ಕಡೆ ತಿರುಗಿಯೂ ನೋಡುವುದಿಲ್ಲ. ಯಾರು ಕೇಳಿದರೂ, ಕದ ತಟ್ಟಿಯೂ ನೋಡದೆ, 503 ಎಂದು ಕಳಿಸಿಬಿಡುತ್ತದೆ. ನಾವೇ ಬೇರೆ ಅವಧಿ ಬರೆಯದಿದ್ದರೆ 60 ಸೆಕೆಂಡೇ ಅದರ ನಿಯಮ, ಲಾಗಿನಲ್ಲೂ ಹಾಗೆಂದೇ ಬರೆದಿರುತ್ತದೆ. ಈ ಒಂದು ನಿಮಿಷದಲ್ಲಿ ಎಷ್ಟು ಸರಿಯಾದ ಔಷಧಗಳು ತಪ್ಪೆಂದು ತೀರ್ಮಾನವಾಗಿ ವಾಪಸಾಗಿವೆಯೋ, ಎಷ್ಟು ಲೊಟ್ಟೆ ಔಷಧಗಳು ಕೀರ್ತಿ ಪಡೆದಿವೆಯೋ ಲೆಕ್ಕವಿಲ್ಲ. ರೀಸ್ಟಾರ್ಟ್ ಎಂಬ ಸರ್ವರೋಗನಿವಾರಿಣಿಯ ಅರ್ಧ ಪ್ರತಿಷ್ಠೆ ಬಂದದ್ದು ಇಲ್ಲಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ: ಅಪಾಚೆಯನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದರೆ ಹಳೆಯ ಮುನಿಸು ಮರೆತಿರುತ್ತದೆ.

'ಒಂದು ನಿಮಿಷ ಕಾಯಿರಿ' ಎಂದೆ. ನಮ್ಮ ನಾಡಿನಲ್ಲಿ ಒಂದು ನಿಮಿಷವೆಂದರೆ ಮಧ್ಯಾಹ್ನದ ಊಟದವರೆಗಿನ ಯಾವುದಾದರೂ ಅವಧಿ. ಹಾಗಾಗಿ ಯಾರೂ ಕಾಯಲಿಲ್ಲ. ಮ್ಯಾನೇಜರ್ 'ಇದೂ ಕೆಲಸ ಮಾಡಲಿಲ್ಲ' ಎಂದು ಮೇಲಿನವರಿಗೆ ಸಂದೇಶ ಕಳಿಸಿದರು. ಹಿರಿಯರು ಮತ್ತೆ ಘೋಸ್ಟ್‌ಕ್ಯಾಟ್‌ಗೆ ಮರಳಿದರು. ನೆಟ್‌ವರ್ಕಿನವರು ಮಾತ್ರ, 'ಇರಿ, ನನಗೊಂದು ಅನುಮಾನವಿದೆ' ಎಂದು ಎದ್ದುಹೋದರು. ಗೋಡೆಯ ಸ್ವಿಚ್ ಪೆಟ್ಟಿಗೆಯ ಬಾಗಿಲು ಕಿರ್ ಎಂದದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ ಟಕ್ ಎಂದು ಒಂದು ಸದ್ದು. ಸ್ವಲ್ಪ ತಡೆದು ಮತ್ತೊಂದು ಟಕ್.

'ಕೇಬಲ್ ತೆಗೆದು ಹಾಕಿದ್ದೇನೆ. ಈಗ ನೋಡಿ.'

ಪುಟ ತೆರೆಯಿತು.

ಕರೆಯಲ್ಲಿ ಚಪ್ಪಾಳೆ ಬಿತ್ತು. ವೆಬ್ ಸರ್ವರೂ ಅಪ್ಲಿಕೇಶನ್ ಸರ್ವರೂ ಒಂದೇ ಯಂತ್ರದಲ್ಲಿವೆ, ಇಬ್ಬರ ನಡುವಿನ ಮಾತು ಆ ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ, ಜಗತ್ತಿನ ಯಾವ ಕೇಬಲ್ಲಿಗೂ ಈ ಜಗಳಕ್ಕೂ ಸಂಬಂಧವಿಲ್ಲ ಎಂದು ನಾನು ವಿವರಿಸತೊಡಗಿದೆ. 'ಇರಲಿ ಬಿಡಿ, ಯಾರು ಮಾಡಿದರೇನು, ಕೆಲಸ ಆಯಿತಲ್ಲ' ಎಂದು ಮ್ಯಾನೇಜರ್ ಸಮಾಧಾನ ಮಾಡಿದರು. ಮಧ್ಯಾಹ್ನ ಬಂದ ಇಮೇಲಿನಲ್ಲಿ ಮಾತ್ರ ಯಾರು ಮಾಡಿದರೆಂಬುದು ದಪ್ಪ ಅಕ್ಷರಗಳಲ್ಲಿತ್ತು: ನೆಟ್‌ವರ್ಕ್ ವಿಭಾಗದ ಸಕಾಲಿಕ ಕ್ರಮ. ಆ ವರ್ಷದ ಆಯುಧಪೂಜೆಯಲ್ಲಿ ಸರ್ವರ್ ಕೋಣೆಯ ಮುಂದೆ ಬೂದುಗುಂಬಳ ಒಡೆಯುವ ಗೌರವವೂ ಅವರ ಪಾಲಾಯಿತು. ಸರ್ವರ್‌ಗಳಿಗೆ ಹಚ್ಚಿ ಉಳಿದ ಕುಂಕುಮವನ್ನು ಅವರು ಸ್ವಿಚ್ ಪೆಟ್ಟಿಗೆಗೂ ಹಚ್ಚಿದರು.

ಅವರು ಎಳೆದು ಹಾಕಿದ್ದು ಯಾವ ಕೇಬಲ್ ಎಂಬುದು ತಿಂಗಳ ಕೊನೆಯಲ್ಲಿ ತಿಳಿಯಿತು. ಅದು ಹೆಬ್ಬೆಟ್ಟೊತ್ತುವ ಹಾಜರಾತಿ ಯಂತ್ರದ್ದು. ಎಳೆದದ್ದನ್ನು ಪಕ್ಕದ ಖಾಲಿ ತೂತಿಗೆ ಹಾಕಿದ್ದರಂತೆ; ಅಲ್ಲಿಂದ ಮುಂದೆ ಅಂದು ಯಾರ ಹಾಜರಾತಿಯೂ ದಾಖಲಾಗಿರಲಿಲ್ಲ. ಉಳಿದವರೆಲ್ಲ ಇಮೇಲ್ ಬರೆದು ಸರಿಮಾಡಿಸಿಕೊಂಡರು. ನನ್ನದು ಬೆಳಿಗ್ಗೆಯೂ ಇರಲಿಲ್ಲ, ಸರ್ವರ್ ಕೋಣೆಗೆ ಓಡುವ ಗಡಿಬಿಡಿಯಲ್ಲಿ ಹೆಬ್ಬೆಟ್ಟೊತ್ತಲು ಯಾರಿಗೆ ಪುರುಸೊತ್ತು? ಇಡೀ ದಿನದ ರಜೆ ಕಡಿತವಾಗಿತ್ತು. ಸಿಬ್ಬಂದಿ ವಿಭಾಗಕ್ಕೆ ಹೋಗಿ, ಅಂದು ಶುಲ್ಕದ ಜಾಲತಾಣ ಕೆಟ್ಟಿತ್ತು, ದಿನವಿಡೀ ಇಲ್ಲೇ ಇದ್ದೆ ಎಂದೆ.

'ಅದನ್ನು ಸರಿಮಾಡಿದ್ದು ನೆಟ್‌ವರ್ಕಿನವರಲ್ಲವೇ?' ಎಂದರು.